ಮೂರನೇ ಮಹಡಿಯ ಸೊಸೆ

ವಕೀಲರ ನೋಟಿಸು ಬಂದಾಗ ಪಟ್ಟಿರಾಯ ಮರುದಿನದ ಟಿ.ವಿ. ಕಾರ್ಯಕ್ರಮಗಳನ್ನು ಕದಿಯುತ್ತಿದ್ದ.

ಅದು ಕಳ್ಳತನ ಎಂದು ಅವನಿಗೆ ಅನ್ನಿಸಿರಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಕಡೆ ಇದ್ದದ್ದನ್ನು ಇನ್ನೊಂದು ಕಡೆ ಇಡುತ್ತಿದ್ದ, ಅಷ್ಟೆ. ನಾಲ್ಕು ಪುಟದ ಆ ದಿನಪತ್ರಿಕೆಯಲ್ಲಿ ಮೊದಲ ಮೂರು ಪುಟಗಳನ್ನು ಜನ ಕಪಾಟಿಗೆ ಹಾಸುತ್ತಿದ್ದರು. ನಾಲ್ಕನೆಯದನ್ನು ಮಾತ್ರ ಕತ್ತರಿಸಿ ಟಿ.ವಿ. ಪಕ್ಕದಲ್ಲಿ ಅಂಟಿಸಿಕೊಳ್ಳುತ್ತಿದ್ದರು. ಆ ಪುಟ ಕಟ್ಟುವವನು ಪಟ್ಟಿರಾಯ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಶುರುವಿನಲ್ಲಿ ಅವನು ಪ್ರಾಮಾಣಿಕನಾಗಿಯೇ ಇದ್ದ. ಚಾನೆಲ್ಲುಗಳಿಗೆ ಫೋನು ಮಾಡಿ ಪಟ್ಟಿ ಕೇಳುತ್ತಿದ್ದ. ಒಂದು ಚಾನೆಲ್ಲಿನವರು ಹೋದ ವಾರದ್ದನ್ನು ಕಳಿಸಿದರು. ಇನ್ನೊಂದರವರು, "ಹಾಕಿದಾಗ ನೋಡ್ಕೊಳ್ಳಿ" ಎಂದರು. ಮೂರನೆಯವರ ಪಟ್ಟಿ ಯಾವುದೋ ಬೇರೆ ದೇಶದ ಗಡಿಯಾರದ ಪ್ರಕಾರ ಇತ್ತು. ಅದನ್ನು ನಂಬಿದ ಓದುಗರೊಬ್ಬರು ಬೆಳಗಿನ ವ್ಯಾಯಾಮ ಮಾಡಲು ಅಪರಾತ್ರಿಯಲ್ಲಿ ಚಡ್ಡಿ ಹಾಕಿಕೊಂಡು ಟಿ.ವಿ. ಮುಂದೆ ನಿಂತಿದ್ದು, ಮರುದಿನ ಆ ಕೋಪದಲ್ಲಿ ಕಚೇರಿಗೆ ಬಂದರು. ಆಮೇಲೆ ಪಟ್ಟಿರಾಯನಿಗೆ ಆನ್‌ಲೈನ್ ಗೈಡು ಸಿಕ್ಕಿತು. ಇಪ್ಪತ್ತೆರಡು ಚಾನೆಲ್ಲು, ಬೆಳಗಿನಿಂದ ಬೆಳಗಿನವರೆಗೆ, ಅಚ್ಚುಕಟ್ಟಾಗಿ. ಅಲ್ಲಿಂದ ಎತ್ತಿ ಇಲ್ಲಿ ಇಟ್ಟರೆ ಟೀ ಆರುವುದರೊಳಗೆ ಪುಟ ತಯಾರು.

ನೋಟಿಸು ಎರಡು ಹಾಳೆ ಇತ್ತು. ತಿರುಳು ನಾಲ್ಕೇ ಸಾಲು. "ಪ್ರತಿದಿನ ಮಧ್ಯಾಹ್ನ ಮೂರೂವರೆಗೆ ಹದಿನಾಲ್ಕನೇ ಚಾನೆಲ್ಲಿನಲ್ಲಿ ‘ಮೂರನೇ ಮಹಡಿಯ ಸೊಸೆ’ ಎಂಬ ಧಾರಾವಾಹಿ ಇರುವುದಾಗಿ ತಾವು ಅಚ್ಚು ಮಾಡಿರುತ್ತೀರಿ. ಅಂಥ ಧಾರಾವಾಹಿಯೇ ಇರುವುದಿಲ್ಲ. ನಕಲು ಮಾಡುವವರನ್ನು ಹಿಡಿಯಲೆಂದೇ ನಮ್ಮ ಕಕ್ಷಿದಾರರು ಅದನ್ನು ತಮ್ಮ ಗೈಡಿನಲ್ಲಿ ಸೇರಿಸಿರುತ್ತಾರೆ. ಅವರ ಪ್ರತಿನಿಧಿ ಈ ದಿನ ಮೂರು ಗಂಟೆಗೆ ತಮ್ಮಲ್ಲಿಗೆ ಬರುತ್ತಾರೆ."

ಯಜಮಾನರು, ಅಂದರೆ ಪತ್ರಿಕೆಯ ಮಾಲೀಕರೂ ಸಂಪಾದಕರೂ ಆದವರು, ಇದನ್ನು ಎರಡು ಸಲ ಓದಿದರು. ಅವರ ಮೇಜಿನ ಮೇಲೆ ಪಟ್ಟಿರಾಯನನ್ನು ಖಾಯಂ ಮಾಡುವ ಪತ್ರ ಸಹಿಗೆ ಕಾದು ಬಿದ್ದಿತ್ತು. ಆರು ವರ್ಷ ಹಂಗಾಮಿಯಾಗಿ ಸವೆದ ಮೇಲೆ ಬಂದ ಪತ್ರ. ಯಜಮಾನರು ಅದನ್ನು ಎರಡು ಬೆರಳಲ್ಲಿ, ಸತ್ತ ಜಿರಲೆಯನ್ನು ಎತ್ತುವ ಹಾಗೆ ಎತ್ತಿ ಡ್ರಾಯರಿಗೆ ಹಾಕಿದರು.

"ಮೂರಕ್ಕೆ ಅವನು ಬರ್ತಾನೆ. ನಾಲ್ಕರೊಳಗೆ ಇಬ್ಬರಲ್ಲಿ ಒಬ್ಬ ಈ ಬಾಗಿಲಿಂದ ಆಚೆ ಹೋಗ್ಬೇಕು. ಅವನೋ ನೀನೋ, ನೀನೇ ನೋಡ್ಕೋ."

ಪಟ್ಟಿರಾಯ ಹೋಗಿ ಕೋರ್ಟು ತಾತನ ಮುಂದೆ ಕೂತ. ಕೋರ್ಟು ತಾತ ಮೂವತ್ತು ವರ್ಷ ನ್ಯಾಯಾಲಯದಲ್ಲಿ ಗುಮಾಸ್ತರಾಗಿದ್ದು, ಈಗ ಪತ್ರಿಕೆಯ ಕರಡು ತಿದ್ದುತ್ತಿದ್ದರು. ತಪ್ಪು ಅಕ್ಷರ ಕಂಡರೆ ಆರೋಪಿ ಸಿಕ್ಕಷ್ಟು ಖುಷಿಪಡುತ್ತಿದ್ದರು.

"ಒಳ್ಳೇ ಕೇಸು ಕಣೋ!" ಎಂದರು ತಾತ, ಕನ್ನಡಕ ಒರೆಸುತ್ತ. "ಎಂಟು ಗಂಟೆಗೆ ವಾರ್ತೆ ಅಂತ ಹಾಕಿದೀಯ. ಅದು ಸಂಗತಿ. ಸಂಗತಿಗೆ ಯಾರಪ್ಪನೂ ಮಾಲೀಕ ಅಲ್ಲ. ಸೂರ್ಯ ಆರೂಕಾಲಿಗೆ ಹುಟ್ತಾನೆ ಅಂತ ಹಾಕಿದ್ರೆ ಸೂರ್ಯ ಬಂದು ನೋಟಿಸು ಕೊಡ್ತಾನಾ?"

"ಹಾಗಾದ್ರೆ ನಾನು ಬಚಾವಾ ತಾತ?"

"ಎಲ್ಲಿ ಬಚಾವು? ಇಡೀ ಪುಟದಲ್ಲಿ ಇರೋದೆಲ್ಲ ನಿಜ, ಅದನ್ನ ಯಾರು ಬೇಕಾದ್ರೂ ಹಾಕ್ಬಹುದು. ಈ ಸೊಸೆ ಒಬ್ಬಳೇ ಸುಳ್ಳು. ಸುಳ್ಳನ್ನ ಯಾರೋ ಕೂತು ಹುಟ್ಟಿಸಿರ್ತಾರೆ. ಹುಟ್ಟಿಸಿದ್ದಕ್ಕೆ ಮಾಲೀಕ ಇರ್ತಾನೆ. ಅದೂ ಅಲ್ದೆ, ಅವಳು ನಿನ್ನ ಪುಟಕ್ಕೆ ಹೇಗೆ ಬಂದ್ಲು ಹೇಳು? ನಡ್ಕೊಂಡು ಬಂದ್ಲಾ?"

ಪಟ್ಟಿರಾಯನ ಮುಖ ತೊಳೆದ ಸ್ಲೇಟಿನ ಹಾಗಾಯಿತು. "ಈಗೇನು ಮಾಡ್ಲಿ?"

"ಒಂದೇ ದಾರಿ. ಮೂರು ಗಂಟೆಯೊಳಗೆ ಅವಳನ್ನ ನಿಜ ಮಾಡು."

ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಜಾಹೀರಾತಿನ ಅಕ್ಕ ಕುರ್ಚಿ ಎಳೆದುಕೊಂಡು ಬಂದಳು. ಪತ್ರಿಕೆಗೆ ಜಾಹೀರಾತು ತರುವವಳು, ಊರಿನ ಅರ್ಧ ಅಂಗಡಿಗಳ ಫೋನು ನಂಬರುಗಳು ಅವಳ ನಾಲಿಗೆಯ ಮೇಲಿದ್ದವು. "ಅದೇನು ಮಹಾ? ಇರು" ಎಂದು ಎದುರು ಬೀದಿಯ ಟೈಲರಿಗೆ ಫೋನು ಹಚ್ಚಿದಳು. "ಅಣ್ಣಾ, ‘ಮೂರನೇ ಮಹಡಿಯ ಸೊಸೆ’ ನೋಡ್ತೀರಾ?"

ಆ ಕಡೆ ಹೊಲಿಗೆ ಯಂತ್ರ ನಿಂತಿತು.

"ನೋಡ್ತಿದ್ದೆ ಕಣಮ್ಮ. ಮೊದಮೊದಲು ಚೆನ್ನಾಗಿತ್ತು. ಈಗ ಸುಮ್ನೆ ಎಳೀತಿದ್ದಾರೆ."

ಮೂವರೂ ಮುಖ ಮುಖ ನೋಡಿಕೊಂಡರು. ಔಷಧಿ ಅಂಗಡಿಯವನಿಗೆ ಫೋನು ಹೋಯಿತು. "ನಾನು ನೋಡಲ್ಲ, ನನ್ನ ಹೆಂಡತಿ ಹಾಕ್ಕೊಂಡು ಕೂತಿರ್ತಾಳೆ. ಕಿವಿಗೆ ಬೀಳುತ್ತೆ. ಆ ಸೊಸೆ ಭಾಳ ಪಾಪದ ಹುಡುಗಿ" ಎಂದ ಅವನು. ಹತ್ತು ಜನರನ್ನು ಕೇಳಿದರೆ ಒಬ್ಬರೂ ನೋಡಿಲ್ಲ ಎನ್ನಲಿಲ್ಲ. ಎಲ್ಲರೂ ನೋಡುವುದನ್ನು ತಾನೊಬ್ಬನೇ ನೋಡಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯ ಊರಿನಲ್ಲಿ ಯಾರಿಗೂ ಇದ್ದಂತಿರಲಿಲ್ಲ.

ಅಷ್ಟರಲ್ಲಿ ದೊಡ್ಡಮ್ಮ ಮೆಟ್ಟಿಲು ಹತ್ತಿ ಬಂದರು. ದೊಡ್ಡಮ್ಮ ಎಂದರೆ ಯಜಮಾನರ ಅತ್ತೆ. ಕಚೇರಿಯ ಕೆಳಗಿನ ಮನೆಯಲ್ಲೇ ಅವರ ವಾಸ. ಕಟ್ಟಡ ಅವರದು. ಯಜಮಾನರು ಇಡೀ ಊರಿಗೆ ಬುದ್ಧಿ ಹೇಳಿ ಬರೆಯುತ್ತಿದ್ದರು, ಅತ್ತೆಯ ಎದುರು ಮಾತ್ರ ತಲೆಬರಹದಷ್ಟೂ ಮಾತಾಡುತ್ತಿರಲಿಲ್ಲ.

"ಏನದು ಸೊಸೆ ಸೊಸೆ ಅಂತ ಗಲಾಟೆ?"

"ಮೂರೂವರೆ ಸೀರಿಯಲ್ಲು ದೊಡ್ಡಮ್ಮ" ಎಂದಳು ಅಕ್ಕ. "ಅದು ಇಲ್ವೇ ಇಲ್ಲ ಅಂತ ಯಾರೋ ನೋಟಿಸು ಕಳಿಸಿದ್ದಾರೆ."

ದೊಡ್ಡಮ್ಮನಿಗೆ ತನಗೆ ಗೊತ್ತಿಲ್ಲದ ಸಂಗತಿಯೊಂದು ಭೂಮಿಯ ಮೇಲೆ ಇರಬಹುದು ಎನ್ನುವುದೇ ಅವಮಾನ. "ಇಲ್ವಾ? ಮೊದಲ್ನೇ ದಿನದಿಂದ ಒಂದು ದಿನ ಬಿಟ್ಟಿಲ್ಲ ನಾನು. ಬರ್ಲಿ ಅವನು" ಎಂದು ಸೆರಗು ಬಿಗಿದರು.

ಪ್ರತಿನಿಧಿ ಮೂರಕ್ಕೆ ಸರಿಯಾಗಿ ಬಂದ. ಬೆನ್ನಿಗೆ ಚೀಲ ಹಾಕಿಕೊಂಡ ಸಣಕಲು ಯುವಕ. ಕಚೇರಿಯ ತುಂಬ ಜನ ಕಂಡು, ತಪ್ಪು ಮನೆಗೆ ಬಂದೆನೇನೋ ಎಂದು ಬಾಗಿಲಲ್ಲೇ ನಿಂತ. ಅಕ್ಕ ಸಾಕ್ಷಿಗೆ ಕರೆದಿದ್ದಳೆಂದು ಟೈಲರು ಕೊರಳಿಗೆ ಟೇಪು ಹಾಕಿಕೊಂಡೇ ಬಂದಿದ್ದ. ಔಷಧಿ ಅಂಗಡಿಯವನು ಅಂಗಡಿಗೆ ಬೀಗ ಜಡಿದು ಬಂದಿದ್ದ.

"ಸಾರ್, ಇದರಲ್ಲಿ ವಾದ ಮಾಡೋಕೆ ಏನೂ ಇಲ್ಲ" ಎಂದ ಪ್ರತಿನಿಧಿ. "ಅಂಥ ಸೀರಿಯಲ್ಲೇ ಇಲ್ಲ."

"ನಾನು ನೋಡಿದೀನಲ್ಲಯ್ಯಾ!" ಎಂದ ಟೈಲರು. "ಆ ಹುಡುಗಿ ಕನ್ನಡಕ ಹಾಕ್ಕೊಂಡಿರ್ತಾಳೆ."

"ಕನ್ನಡಕ ಹಾಕೋದು ನಾದಿನಿ. ಸೊಸೆಗೆಲ್ಲಿದೆ ಕನ್ನಡಕ?" ಎಂದ ಔಷಧಿ ಅಂಗಡಿಯವನು.

"ನೀವು ನೋಡಲ್ಲ, ಬರೀ ಕೇಳಿಸ್ಕೊಳ್ಳೋರು. ಕನ್ನಡಕ ಕಿವಿಗೆ ಕೇಳುತ್ತಾ?"

ಇಬ್ಬರೂ ಒಬ್ಬರ ಮೇಲೊಬ್ಬರು ಬೀಳುವುದೊಂದು ಬಾಕಿ. ಪ್ರತಿನಿಧಿ ಕೈ ಎತ್ತಿ ಕೂಗಿದ, "ಸಾರ್! ಸಾರ್! ಆ ಹೆಸರು ಇಟ್ಟಿದ್ದೇ ನಾನು! ನಮ್ಮ ಆಫೀಸಲ್ಲಿ ಲಿಫ್ಟು ಕೆಟ್ಟು ಮೂರನೇ ಮಹಡಿಗೆ ಹತ್ತಿ ಬಂದ ದಿನ ಹೊಳೀತು!"

"ಹೆಸರು ನೀನಿಟ್ಟಿರಬಹುದು" ಎಂದರು ದೊಡ್ಡಮ್ಮ. "ನೋಡ್ತಿರೋದು ನಾನು."

ಪ್ರತಿನಿಧಿ ಗಡಿಯಾರ ನೋಡಿದ. ಅವನ ಮುಖ ಅರಳಿತು. "ಸರಿ ಹಾಗಾದ್ರೆ. ಮೂರೂವರೆಗೆ ಇನ್ನು ಐದು ನಿಮಿಷ ಇದೆ. ಟಿ.ವಿ. ಹಾಕಿ. ಎಲ್ಲರೂ ನೋಡೋಣ."

ಕೋರ್ಟು ತಾತ ಕೂಡ ಪೆನ್ನಿನ ಮುಚ್ಚಳ ಕಚ್ಚಿಕೊಂಡರು. ದೊಡ್ಡಮ್ಮ ಮಾತ್ರ "ಬನ್ನಿ" ಎಂದು ಮುಂದೆ ನಡೆದರು. ಇಡೀ ಕಚೇರಿ ಮೆಟ್ಟಿಲಿಳಿದು ಅವರ ಹಾಲಿನಲ್ಲಿ ಜಮಾಯಿಸಿತು. ಯಜಮಾನರು ಅತ್ತೆಯ ಸೋಫಾದಲ್ಲಿ ಕೂರುವ ಧೈರ್ಯವಾಗದೆ ಕಂಬದ ಹಾಗೆ ನಿಂತರು.

ಮೂರೂವರೆ ಆಯಿತು. ಹದಿನಾಲ್ಕನೇ ಚಾನೆಲ್ಲಿನಲ್ಲಿ ದಢೂತಿ ಮನುಷ್ಯನೊಬ್ಬ ಹಾಸಿಗೆಯ ಮೇಲೆ ಜಿಗಿಯುತ್ತ, ಬೆನ್ನುನೋವು ಎಂಥದ್ದೇ ಇರಲಿ ಎನ್ನತೊಡಗಿದ.

"ನೋಡಿದ್ರಾ!" ಎಂದ ಪ್ರತಿನಿಧಿ. "ಈ ಹೊತ್ತಲ್ಲಿ ಅರ್ಧ ಗಂಟೆ ಪೂರ್ತಿ ಹಾಸಿಗೆ ಜಾಹೀರಾತು. ದಿನಾ ಇದೇ."

ಪಟ್ಟಿರಾಯ ಮನಸ್ಸಿನಲ್ಲೇ ತನ್ನ ಮೇಜಿನ ಸಾಮಾನು ಚೀಲಕ್ಕೆ ತುಂಬಿಕೊಳ್ಳತೊಡಗಿದ. ಲೋಟ, ಛತ್ರಿ, ಒಂದು ಬಾಚಣಿಗೆ.

"ಜಾಹೀರಾತು ಮುಗೀಲಿ ತಡಿಯಪ್ಪ" ಎಂದರು ದೊಡ್ಡಮ್ಮ. "ಅಷ್ಟರಲ್ಲಿ ನಿನಗೆ ಹಿಂದಿನ ಕತೆ ಹೇಳ್ತೀನಿ, ಇಲ್ದಿದ್ರೆ ಒಂದೂ ತಿಳಿಯಲ್ಲ. ಈ ಸೊಸೆ ಇದಾಳಲ್ಲ, ಅವಳ ಗಂಡನಿಗೆ ನೆನಪು ಹೋಗಿದೆ. ಹೋಗಿ, ಅದೇ ಕಟ್ಟಡದಲ್ಲಿ ವಾಚ್‌ಮನ್ ಆಗಿ ಸೇರ್ಕೊಂಡಿದ್ದಾನೆ. ದಿನಾ ಹೆಂಡತಿಗೇ ಗೇಟು ತೆಗೀತಾನೆ. ಗುರುತು ಸಿಗಲ್ಲ."

"ಅವಳಾದ್ರೂ ಗುರುತು ಹಿಡೀಬೇಕಲ್ವಾ?" ಎಂದ ಪ್ರತಿನಿಧಿ, ಬಾಯಿ ತಪ್ಪಿ.

"ಮೀಸೆ ಬಿಟ್ಟಿದ್ದಾನಲ್ಲಪ್ಪ."

"ಓ."

"ಕೆಳಗಿನ ಮಹಡೀಲಿ ಅತ್ತೆ. ಅವಳಿಗೆ ಎಲ್ಲ ಗೊತ್ತು. ಬಾಯಿ ಬಿಡಲ್ಲ."

"ಯಾಕೆ ಬಿಡಲ್ಲ?" ಪ್ರತಿನಿಧಿ ಚೀಲ ಕೆಳಗಿಟ್ಟು ಸೋಫಾದ ತುದಿಗೆ ಕೂತ.

"ಮಗನಿಗೆ ನೆನಪು ಬಂದ್ರೆ ಮನೆ ಪತ್ರಕ್ಕೆ ಸುಳ್ಳು ಸಹಿ ಹಾಕ್ಸಿದ್ದೂ ನೆನಪಿಗೆ ಬರುತ್ತಲ್ಲ! ನಿನ್ನೆ ಏನಾಯ್ತು ಅಂದ್ರೆ, ಸೊಸೆ ಮೆಟ್ಟಿಲಲ್ಲಿ ಎಡವಿದ್ಲು. ವಾಚ್‌ಮನ್ ಕೈ ಹಿಡಿದ. ಹಿಡಿದವನೇ ನಿಂತುಬಿಟ್ಟ. ಏನೋ ನೆನಪಾದ ಹಾಗೆ..."

ಟೈಲರು ಉಸಿರು ಬಿಗಿ ಹಿಡಿದಿದ್ದ. ಜಾಹೀರಾತಿನ ಅಕ್ಕ ಕಣ್ಣೊರೆಸಿಕೊಂಡಳು. ಹಾಸಿಗೆಯ ದಢೂತಿಯನ್ನು ಕೇಳುವವರೇ ಇರಲಿಲ್ಲ.

"ಆಮೇಲೆ?" ಎಂದ ಪ್ರತಿನಿಧಿ. ಅವನ ದನಿ ಸಣ್ಣದಾಗಿತ್ತು.

ದೊಡ್ಡಮ್ಮ ಗಡಿಯಾರದ ಕಡೆ ತಿರುಗಿ ಹಣೆ ಬಡಿದುಕೊಂಡರು. ನಾಲ್ಕು ಹೊಡೆದು ಒಂದು ನಿಮಿಷವಾಗಿತ್ತು. "ಆಮೇಲೇನು ಆಮೇಲೆ! ಪಟಪಟ ಅಂತ ನೀನು ಪ್ರಶ್ನೆ ಕೇಳ್ತಿದ್ರೆ ಸೀರಿಯಲ್ ನೋಡೋದು ಹೇಗೆ? ಮುಗಿದೇ ಹೋಯ್ತು! ಒಂದು ದಿನ ತಪ್ಪಿಸಿದೋಳಲ್ಲ ನಾನು. ನಿನ್ನಿಂದ ತಪ್ಪಿತು!"

"ಛೆ, ಎಂಥ ಜಾಗದಲ್ಲಿ ತಪ್ಪಿಸಿಬಿಟ್ಟ" ಎಂದ ಔಷಧಿ ಅಂಗಡಿಯವನು.

"ಕ್ಷಮಿಸಿ ದೊಡ್ಡಮ್ಮ" ಎಂದ ಪ್ರತಿನಿಧಿ. ಯಾತಕ್ಕೆ ಕ್ಷಮೆ ಕೇಳುತ್ತಿದ್ದೇನೆ ಎಂದು ಅವನಿಗೆ ತಿಳಿಯುವ ಮೊದಲೇ ಕೋರ್ಟು ತಾತ ಕಾಗದ ಬರೆದು ಮುಗಿಸಿದ್ದರು. "ಸದರಿ ಧಾರಾವಾಹಿ ಇರುವುದು ಸಾಕ್ಷಿಗಳಿಂದ ಖಚಿತವಾದ ಕಾರಣ ಸದರಿ ನೋಟಿಸನ್ನು ಹಿಂದಕ್ಕೆ ಪಡೆಯಲಾಗಿದೆ."

"ಆದ್ರೆ ಸಾರ್..." ಎಂದು ಪ್ರತಿನಿಧಿ ಸುತ್ತ ನೋಡಿದ. ಏಳು ಜನ ಅವನನ್ನು, ಸಿನಿಮಾ ನಡುವೆ ಎದ್ದು ನಿಂತವನನ್ನು ನೋಡುವ ಹಾಗೆ ನೋಡುತ್ತಿದ್ದರು. ಅವನು ಸಹಿ ಹಾಕಿದ. ಬಾಗಿಲಲ್ಲಿ ಒಮ್ಮೆ ನಿಂತು, "ಅವನಿಗೆ ನೆನಪು ಬಂತಾ ಇಲ್ವಾ?" ಎಂದು ಮೆಲ್ಲಗೆ ಕೇಳಿ ಹೊರಟುಹೋದ.

ಆ ಹಾಲಿನಲ್ಲಿ ಎದ್ದ ಕೂಗು ಬೀದಿಯ ಕೊನೆಗೆ ಕೇಳಿತು. ಟೈಲರು ಪಟ್ಟಿರಾಯನನ್ನು ಎತ್ತಿಬಿಟ್ಟ. ಅಕ್ಕ ಎಲ್ಲರಿಗೂ ಟೀ ತರಿಸಿದಳು. ಮೂವತ್ತು ವರ್ಷದಲ್ಲಿ ಇಂಥ ಸಾಕ್ಷಿಗಳನ್ನು ಕಂಡಿಲ್ಲ ಎಂದರು ಕೋರ್ಟು ತಾತ. ಮೇಲೆ ಹೊರಟ ಯಜಮಾನರ ಹಿಂದೆಯೇ ಪಟ್ಟಿರಾಯ ಎರಡೆರಡು ಮೆಟ್ಟಿಲು ಹಾರಿ, ಗೆದ್ದ ಕುಸ್ತಿಯವನಂತೆ ಎದೆಯುಬ್ಬಿಸಿ ಅವರ ಮೇಜಿನ ಮುಂದೆ ನಿಂತ.

ಯಜಮಾನರು ಡ್ರಾಯರು ಎಳೆದು ಪತ್ರ ತೆಗೆದರು. ಪೆನ್ನು ಬಿಚ್ಚಿದರು. ಕೆಳಗಿನಿಂದ ದನಿ ಬಂತು.

"ಅಳಿಯಂದ್ರೇ! ಇವತ್ತು ತಪ್ಪಿದ ಕತೆ ನಾಳೆ ಪೇಪರಲ್ಲಿ ಬರ್ಬೇಕು. ನಾಳೆ ಅಂತಲ್ಲ, ದಿನಾ ಬರ್ಲಿ. ಊರವರೆಲ್ಲ ಕೇಳ್ತಿದ್ದಾರೆ!"

"ಆಗ್ಲಿ ಅತ್ತೆ!" ಎಂದು ಕೂಗಿ ಯಜಮಾನರು ಪೆನ್ನು ಮುಚ್ಚಿದರು. "ಕೇಳಿಸ್ತಲ್ಲ? ದಿನಾ ಕಾಲು ಕಾಲಮ್ಮು. ನೀನೇ ಬರಿ."

"ಸಾರ್, ಆ ಸೀರಿಯಲ್ಲು ಇಲ್ವಲ್ಲ!"

"ಇಲ್ಲ ಅಂತ ನಮ್ಮತ್ತೆಗೆ ನೀನು ಹೇಳ್ತೀಯಾ? ನಾನಂತೂ ಹೇಳಲ್ಲ." ಯಜಮಾನರು ಪತ್ರವನ್ನು ಮತ್ತೆ ಡ್ರಾಯರಿಗೆ ಹಾಕಿದರು. "ಈಗಲೇ ಖಾಯಂ ಮಾಡಿದ್ರೆ ನೀನು ನಡುವಲ್ಲಿ ಕೈ ಬಿಡ್ತೀಯ. ಸೀರಿಯಲ್ಲು ಮುಗೀಲಿ. ಮುಗಿದ ದಿನವೇ ಸಹಿ. ಇದು ನನ್ನ ಮಾತು."

ಪಟ್ಟಿರಾಯ ಸೀಟಿಗೆ ಬಂದು ಕೂತ. ಆಮೇಲೆ ಅವನ ತುಟಿಯ ಮೇಲೆ ನಗೆ ಮೂಡಿತು. ಮುಗಿದ ದಿನವೇ ತಾನೆ? ಇವತ್ತೇ ಮುಗಿಯಲಿ.

ಒಂದೇ ಉಸಿರಿಗೆ ಬರೆದ. ವಾಚ್‌ಮನ್ನಿಗೆ ನೆನಪು ಬಂತು. ಮೀಸೆ ಬೋಳಿಸಿಕೊಂಡು ಬಂದ. ಗಂಡನ ಗುರುತು ಹಿಡಿದ ಸೊಸೆ ಮೂರನೇ ಮಹಡಿಯಿಂದ ಓಡಿ ಬರುವಾಗ ಕಾಲು ಜಾರಿ ಅರವತ್ತು ಮೆಟ್ಟಿಲು ಉರುಳಿ, ಅವನ ಕಾಲ ಬಳಿ ಪ್ರಾಣ ಬಿಟ್ಟಳು. ಅತ್ತೆಯನ್ನು ಪೊಲೀಸರು ಕರೆದೊಯ್ದರು. ಪಟ್ಟಿರಾಯ ಕಟ್ಟಡವನ್ನೂ ಬಿಡಲಿಲ್ಲ, ಅದನ್ನು ಕೆಡವಿಸಿದ. ಕೊನೆಗೆ ದಪ್ಪ ಅಕ್ಷರದಲ್ಲಿ "ಮುಗಿಯಿತು" ಎಂದು ಹಾಕಿ, ಕರಡನ್ನು ಒಪ್ಪಿಗೆಗೆಂದು ಕೆಳಗೆ ಕಳಿಸಿ, ಸಹಿ ಹಾಕಲು ತನ್ನದೇ ಪೆನ್ನು ಹಿಡಿದು ಯಜಮಾನರ ಮುಂದೆ ಹೋಗಿ ನಿಂತ.

ಯಜಮಾನರು ಪತ್ರ ತೆಗೆದಿಟ್ಟುಕೊಂಡು ಕಾದರು. ಅವನೂ ಕಾದ. ಹತ್ತು ನಿಮಿಷಕ್ಕೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ದೊಡ್ಡಮ್ಮ ಕರಡು ಹಿಡಿದುಕೊಂಡು ಬಂದರು. ಅತ್ತು ಕಣ್ಣು ಕೆಂಪಾಗಿದ್ದವು.

"ಚೆನ್ನಾಗಿ ಬರ್ದಿದೀಯ ಕಣೋ. ಎಲ್ಲ ಸರಿಯಾಗಿದೆ, ಒಂದು ತಪ್ಪಿದೆ, ತಿದ್ಕೋ" ಎಂದು ಅವನ ಕೈಯಿಂದಲೇ ಪೆನ್ನು ಕಿತ್ತುಕೊಂಡು ಕೊನೆಯ ಪದವನ್ನು ಹೊಡೆದು ಹಾಕಿದರು. "ಸತ್ತಿದ್ದು ಸೊಸೆ ಅಲ್ಲ, ಅವಳ ಅವಳಿ ತಂಗಿ. ಅದು ನಿನಗೆ ಗೊತ್ತಿರಲ್ಲ, ಶುರುವಿಂದ ನೋಡಿದೋರಿಗಷ್ಟೇ ಗೊತ್ತು. ನಿಜವಾದ ಸೊಸೆ ಈಗಷ್ಟೇ ಊರಿಗೆ ಬರ್ತಿದ್ದಾಳೆ. ಕತೆ ಇನ್ನು ಶುರು."