ಅತ್ತೆ ಮನೆಗೆ ಹಾಯಿದೋಣಿ

ಕೆಲವು ಮನೆಗಳಲ್ಲಿ ವರ್ಷಕ್ಕೊಂದು ಎಡವಟ್ಟು ಆಗುತ್ತದೆ. ನಮ್ಮ ಮನೆಯಲ್ಲಿ ಒಂದರ ಒದ್ದೆ ಬಟ್ಟೆ ಒಣಗುವುದರೊಳಗೆ ಇನ್ನೊಂದು ಶುರುವಾಗುತ್ತಿತ್ತು. ಈಗ ಹೇಳಿದರೆ ಜನ ನಗುತ್ತಾರೆ. ನಗಲಿ. ಆಗ ನನಗೇನೂ ನಗು ಬಂದಿರಲಿಲ್ಲ.

ಒಂದು ಮೂಳೆ

ನಮ್ಮೂರು ಪಾಂಡವಪುರದ ಕಡೆ, ದೊಡ್ಡ ಕೆರೆಯ ಈ ದಡ. ನನ್ನ ತವರು ಆ ದಡ. ಜಗಲಿ ಮೇಲೆ ನಿಂತರೆ ಅಣ್ಣನ ತೆಂಗಿನ ತೋಟ ಕಾಣುತ್ತದೆ. ತೊಂಬತ್ತರ ದಶಕದ ಶುರುವಿನಲ್ಲಿ ನನ್ನ ತಮ್ಮನ ಮದುವೆಯಾಗಿ ತವರಲ್ಲಿ ಬೀಗರೂಟ ನಡೆಯಿತು. ಬಾಡು ಬಡಿಸುತ್ತಿದ್ದವನು ಅಣ್ಣ. ನಮ್ಮ ಯಜಮಾನರ ಎಲೆಗೆ ಬರೀ ಮೂಳೆ ಬಿತ್ತು. ಪಕ್ಕದಲ್ಲಿ ಕೂತಿದ್ದ, ಯಾರ ಕಡೆಯವನೆಂದು ಯಾರಿಗೂ ಗೊತ್ತಿಲ್ಲದ ಆಸಾಮಿಗೆ ಒಳ್ಳೊಳ್ಳೆ ತುಂಡು ಬಿದ್ದವು.

ಯಜಮಾನರು ಎಲೆ ಬಿಟ್ಟೆದ್ದರು. "ಇನ್ನು ಈ ಊರ ರಸ್ತೆ ತುಳಿದ್ರೆ ನಮ್ಮಪ್ಪನಿಗುಟ್ಟಿದ ಮಗನೇ ಅಲ್ಲ ಕಣ್ಲಾ!" ಎಂದು ಅಣ್ಣನಿಗೆ ಹೇಳಿ ನನ್ನ ಕಡೆ ತಿರುಗಿದರು. "ನೀನು ತುಳಿದ್ರೆ ನನ್ನ ಎಣ ನೋಡ್ತೀಯ."

ಗಂಡನ ಆಣೆ. ಮುರಿದು ಏನಾದರೂ ಆಗಿಬಿಟ್ಟರೆ ಎಂದು ಹೆದರಿ ನಾಲ್ಕು ವರ್ಷ ನಾನು ತವರಿಗೆ ಹೋಗಲಿಲ್ಲ. ಅವ್ವನೂ "ಅಳಿಯ ಬಾ ಅನ್ನದ ಮನೆಗೆ ಎಂಗವ್ವ ಬರ್ಲಿ" ಎಂದು ಹೇಳಿ ಕಳಿಸಿ ಸುಮ್ಮನಾದಳು. ಗೌರಿ ಹಬ್ಬದ ಬಾಗಿನ ಕೂಡ ಕೆರೆ ದಾಟಲಿಲ್ಲ. ಅಣ್ಣ ಮಾತ್ರ ಅವತ್ತೇ ಅಂದಿದ್ದ: "ಓಗ್ಲಿ ಬುಡು, ಒಂದೆಲೆ ಬಾಡು ಉಳೀತು."

ಕ್ಯಾಲೆಂಡರಿನ ದೋಣಿ

ನಾಲ್ಕನೇ ವರ್ಷ ಅವ್ವನ ಕಣ್ಣು ಮಂಜಾಗುತ್ತಿದೆ ಎಂಬ ಸುದ್ದಿ ಬಂತು. ಪೂರ್ತಿ ಕುರುಡಾಗುವ ಮುಂಚೆ ಒಂದು ಸಲ ನನ್ನ ಮುಖ ನೋಡಲಿ ಎಂಬುದಷ್ಟೇ ನನ್ನ ಆಸೆ. ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೇ ದಿನ, ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದ ಯಜಮಾನರು ಗೋಡೆಯ ಕ್ಯಾಲೆಂಡರಿನಲ್ಲಿದ್ದ ಹಾಯಿದೋಣಿಯನ್ನು ದಿಟ್ಟಿಸಿ, "ನಾನು ತುಳಿಯಲ್ಲ ಅಂದಿದ್ದು ರಸ್ತೆಯ ಕಣಮ್ಮಿ. ನೀರಿನ್ ಮ್ಯಾಲೋಗಿ ತೋಟದಾಗೆ ಇಳಿದ್ರೆ ಆಣೆ ಮುರಿಯಲ್ಲ" ಅಂದರು.

ನಾಲ್ಕು ಡ್ರಮ್ಮು, ಮೇಲೆ ಹಲಗೆ, ಕೆ.ಆರ್. ಪೇಟೆಯಿಂದ ತಂದ ಬಿದಿರ ಗಳ, ಹಾಯಿಗೆ ರಾಗಿ ಕಣಕ್ಕೆ ಹಾಸುವ ಟಾರ್ಪಾಲು. ದೋಣಿ ಆಯಿತು. "ನೀರು ತಳ್ಳಾಕೆ ಹುಟ್ಟು ಬೇಡ್ವಾ?" ಅಂದೆ. "ಕ್ಯಾಲೆಂಡರ್‌ನಾಗೆ ಹುಟ್ಟಿಲ್ಲ" ಅಂದರು.

ಆಷಾಢದಲ್ಲಿ ಇಬ್ಬರು ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ಹೊರಟೆವು. ಗಾಳಿ ಬೀಸಿದ್ದು ಕೆರೆ ಏರಿಯ ಕಡೆಗೆ. ದೋಣಿಯೂ ಅತ್ತಲೇ ಓಡಿತು. ಯಜಮಾನರು ಹಗ್ಗ ಎಳೆದರು, ಬಿಟ್ಟರು, ಬೈದರು. ಕೊನೆಗೆ ಎಮ್ಮೆ ತೊಳೆಯುವ ಕಡೆ ನುಗ್ಗಿದೆವು. ಎಮ್ಮೆಗಳು ಬಾಲ ಎತ್ತಿ ಓಡಿದವು.

"ಎಲ್ಲಿಗೆ ಒಂಟ್ರಣ್ಣೋ?" ಅಂದ ಎಮ್ಮೆಯವನು.

"ಅತ್ತೆ ಮನೆಗೆ ಕಣ್ಲಾ."

"ಬಸ್ಸೈತಲ್ಲಣ್ಣೋ! ನಮ್ಮೆಮ್ಮೆ ಬಸ್ಸಿಗೆ ಎದ್ರಾಕಿಲ್ಲ."

ಕಜ್ಜಾಯದ ಗತಿ

ದೀಪಾವಳಿಗೆ ಮತ್ತೆ ಹೊರಟೆವು. ಅವ್ವನಿಗೆಂದು ಒಂದು ಡಬ್ಬಿ ಕಜ್ಜಾಯ ಕಟ್ಟಿದ್ದೆ. ಕೆರೆಯ ನಡುವೆ ಗಾಳಿ ನಿಂತುಹೋಯಿತು. ಆ ದಡದಲ್ಲಿ ಏನೋ ಬೆಳ್ಳಗೆ ಕಾಣುತ್ತಿತ್ತು. ಅವ್ವನೋ, ಒಣಹಾಕಿದ ಸೀರೆಯೋ ಗೊತ್ತಾಗಲಿಲ್ಲ. ನಾನಂತೂ ಕೈ ಸೋಲುವವರೆಗೆ ಬೀಸಿದೆ. ಮಕ್ಕಳು ಅಳುತ್ತಾ ಅಳುತ್ತಾ ಕಜ್ಜಾಯವನ್ನೆಲ್ಲ ತಿಂದು ಮುಗಿಸಿದರು.

ಮಧ್ಯಾಹ್ನ ಮೀನಿನವನೊಬ್ಬ ತೆಪ್ಪದಲ್ಲಿ ಬಂದು, "ಅಗ್ಗ ಕೊಡಿ, ಎಳ್ಕಂಡೋಯ್ತೀನಿ" ಅಂದ. ಹಾಗೆ ಎಳೆಸಿಕೊಂಡು ಹೋದರೆ ಭಾವಮೈದನ ಮುಂದೆ ಮರ್ಯಾದೆ ಏನು ಎಂದು ಯಜಮಾನರು ಮುಖ ಗಂಟು ಹಾಕಿದರು. ನಾನೇ ಹಗ್ಗ ಎಸೆದೆ. ಅವನು ಬೆವರು ಸುರಿಸಿ ಎಳೆದು ತಂದು ಬಿಟ್ಟಿದ್ದು ನಮ್ಮ ದಡಕ್ಕೇ! "ಅಲ್ಲಪ್ಪ, ನಾವು ಆ ಕಡೆಗೆ ಓಗ್ಬೇಕಿತ್ತು" ಅಂದೆ.

"ನನ್ ಮನೆ ಇರೋದು ಈ ಕಡೆ ಕಣಕ್ಕ" ಅಂದ.

ಮೂರನೇ ಸಲ

ಸಂಕ್ರಾಂತಿ ಕಳೆದ ಮೇಲೆ ಗಾಳಿಗೆ ಕರುಣೆ ಬಂತು. ದೋಣಿ ನೆಟ್ಟಗೆ ಅಣ್ಣನ ತೋಟಕ್ಕೆ ತಗುಲಿತು. ಮೊಣಕಾಲುದ್ದ ಕೆಸರಿಗೆ ಹಾರಿ "ಅವ್ವಾ" ಎಂದು ಕೂಗಿದೆ. ಅತ್ತಿಗೆ ಓಡಿ ಬಂದಳು.

"ಅವ್ವ ನಿಮ್ಮೂರಿಗೇ ಓಯ್ತಲ್ಲವ್ವಾ, ಬೆಳಿಗ್ಗೆ ಬಸ್ಸಿಗೆ! ಕಂಡಕ್ಟ್ರಿಗೆ ಒಪ್ಸಿ ಅತ್ತಿಸ್ದೋ. ನಿಮ್ಮ ದೋಣಿ ಸುದ್ದಿ ಕೇಳಿ ಎದ್ರಿಬುಡ್ತು. 'ಅಳಿಯನ ಕಾಲಾದ್ರೂ ಇಡಿತೀನಿ, ನನ್ ಮಗಳ್ನ ಮುಳುಗ್ಸ್‌ಬುಡ್ತಾನೆ' ಅಂತ ಓಯ್ತು."

ಬೀಗ ಹಾಕಿದ ನಮ್ಮ ಮನೆ, ಅದರ ಜಗಲಿ ಮೇಲೆ ಕಣ್ಣು ಮಂಜಾದ ಅವ್ವ. "ದೋಣಿ ತಿರುಗ್ಸಿ" ಅಂದೆ.

"ಗಾಳಿ ಈ ಕಡೀಕೇ ಬೀಸ್ತಾ ಅದಲ್ಲಮ್ಮಿ. ನಾಳೀಕೆ ನೋಡಾಣ."

ನಾಲ್ಕು ವರ್ಷದ ಸಿಟ್ಟು ನೆತ್ತಿಗೇರಿತು. ಮಕ್ಕಳ ಕೈ ಹಿಡಿದು ತೋಟ ದಾಟಿ ರಸ್ತೆಗಿಳಿದೆ.

"ಲೇ ಅಮ್ಮೀ, ನನ್ನಾಣೆ!"

"ಆಣೆ ನಿಮ್ದು, ಕಾಲು ನಂದು" ಎಂದು ಬಸ್ಸು ಹತ್ತಿದೆ.

ಅವ್ವ ಜಗಲಿ ಮೇಲೇ ಇದ್ದಳು. ನನ್ನ ಮುಖ ಕೈಯಲ್ಲಿ ಸವರಿ ಗುರುತು ಹಿಡಿದಳು. ಕಣ್ಣು ಪೂರ್ತಿ ಹೋಗಿತ್ತು; ನನಗೆ ತಡವಾಗಿತ್ತು. ಇಬ್ಬರೂ ಅತ್ತೆವು. ಆಮೇಲೆ ಅವಳು ಕೇಳಿದಳು, "ಅಳೀಮಯ್ಯ ಎಲ್ಲವ್ವ?"

"ನಿಮ್ಮ ತೋಟದಾಗೆ ಗಾಳಿ ಕಾಯ್ತಾ ಕುಂತವ್ರೆ."

ಅವರು ಬಂದಿದ್ದು ಮೂರನೇ ದಿನ, ಬಸ್ಸಿನಲ್ಲಿ. ಬಾಯಿ ಇನ್ನೂ ಬಾಡಿನ ಸಾರಿನ ವಾಸನೆ ಹೊಡೆಯುತ್ತಿತ್ತು.

"ರಸ್ತೆ ತುಳಿದ್ರಾ?" ಅಂದೆ.

"ನಾನೆಲ್ಲಿ ತುಳಿದೆ? ನಿಮ್ಮಣ್ಣ ತೋಟದಿಂದ ಎತ್ತಿನ ಗಾಡಿ ಮ್ಯಾಲೆ ಕೂರಿಸ್ಕಂಡ್ ಬಂದು ಬಸ್ಸಿಗೆ ಅತ್ತಿಸ್ದ. ಗಾಡಿ ತುಳೀತು, ಬಸ್ಸು ತುಳೀತು. ನನ್ ಕಾಲು ನೆಲ ಮುಟ್ನಿಲ್ಲ."

ಆ ಬಸ್ಸು ನಾಲ್ಕು ವರ್ಷವೂ ದಿನಕ್ಕೆ ಮೂರು ಸಲ ನಮ್ಮ ಜಗಲಿ ಮುಂದೆಯೇ ಹೋಗುತ್ತಿತ್ತು.