ಮುಚ್ಚಳ ಹಾಕಿ ಅಳೆದ ಬೇಸರ

ಒಬ್ಬನೇ ಇರಲು ನನಗೇನೂ ತೊಂದರೆಯಿಲ್ಲ ಎನ್ನುವವರನ್ನು ನಂಬಬೇಡಿ. ಹಾಗೆ ಹೇಳಿಕೊಂಡೇ ಭೀಮರಾಯನಗುಡಿ ಕ್ಯಾಂಪಿನ ಕ್ವಾರ್ಟರ್ಸಿನಲ್ಲಿ ವರ್ಷ ದೂಡಿದವನು ನಾನು. ಹೆಂಡತಿ ಮಹಾದೇವಿ ಬೀದರ್ ಕಡೆಯ ಒಂದು ಶಾಲೆಯಲ್ಲಿ ಟೀಚರ್. ಈಗ ಅವಳನ್ನು ಮುಖ್ಯೋಪಾಧ್ಯಾಯಿನಿ ಮಾಡುತ್ತಾರಂತೆ. ಒಪ್ಪಿದರೆ ಇನ್ನೂ ಕೆಲವು ವರ್ಷ ಅಲ್ಲೇ. ಒಲ್ಲೆ ಎಂದರೆ ಇಲ್ಲೇ ಪಕ್ಕದ ಶಹಾಪುರಕ್ಕೆ ವರ್ಗ. ಬೆಳಿಗ್ಗೆ ಫೋನಿನಲ್ಲಿ, "ಒಬ್ಬರೇ ಇರಾಕ ತ್ರಾಸ ಆಗತದೇನ್ರಿ? ಖರೇ ಹೇಳ್ರಿ, ಸಂಜಿಕ ನಾ ತಿಳಿಸಬೇಕು," ಎಂದಳು. ಖರೇ ಹೇಳಬೇಕಾದರೆ ಅಳೆಯಬೇಕಲ್ಲ! ಕಾಲುವೆಯ ನೀರಿನ ಮಟ್ಟ ಅಳೆಯುವುದೇ ನನ್ನ ನೌಕರಿ. ಅಂದಾಜು ಎಂದರೆ ನನಗೆ ಮೈ ಉರಿಯುತ್ತದೆ.

ಆಗಷ್ಟೇ ಮೊಬೈಲಿನಲ್ಲಿ ಒಂದು ಸುದ್ದಿ ಓದಿದ್ದೆ. ಆಕಾಶದ ಎಲ್ಲ ದಿಕ್ಕಿನಿಂದಲೂ ಮಂದವಾಗಿ ಎಕ್ಸ್-ರೇ ಬರುತ್ತಲೇ ಇರುತ್ತದಂತೆ. ಅದನ್ನು ಕರಾರುವಾಕ್ಕಾಗಿ ಅಳೆಯಲು ಬಾಹ್ಯಾಕಾಶ ನಿಲ್ದಾಣದ ಹೊರಮೈಗೆ ಒಂದು ಉಪಕರಣ ಕೂಡಿಸಿದ್ದಾರೆ. ಅದರ ಕಣ್ಣಿಗೆ ಆಗಾಗ ಮುಚ್ಚಳ ಬೀಳುತ್ತದೆ. ಮುಚ್ಚಿದಾಗ ಸಿಕ್ಕಿದ್ದು ಯಂತ್ರದ ಸ್ವಂತ ಗದ್ದಲ. ತೆರೆದಾಗ ಸಿಕ್ಕಿದ್ದರಲ್ಲಿ ಅದನ್ನು ಕಳೆದರೆ ಉಳಿಯುವುದು ಆಕಾಶದ್ದು. ಎಂಥ ಪ್ರಾಮಾಣಿಕ ಯಂತ್ರ! ತನ್ನ ಗದ್ದಲವನ್ನು ಕಳೆದು ಮಾತಾಡುವ ಮನುಷ್ಯನನ್ನು ನಾನಂತೂ ಕಂಡಿಲ್ಲ.

ಸರಿ, ನಾನೂ ನನ್ನ ಬೇಸರದಿಂದ ಸ್ವಂತ ಗೊಣಗಾಟವನ್ನು ಕಳೆಯತೊಡಗಿದೆ. ನಾನು ಬಡಿದ ರೊಟ್ಟಿ ಹಂಚಿಗೆ ಬೀಳುವ ಮೊದಲೇ ಹರಿಯುತ್ತದೆ. ಅದು ಬೇಸರವಲ್ಲ, ಕೈಯ ದೋಷ. ಕಳೆ. ಅಂಗಿಯ ಗುಂಡಿ ಹೋಗಿದೆ; ದರ್ಜಿ ಇದ್ದಾನೆ. ಕಳೆ. ಅಷ್ಟರಲ್ಲಿ ಪಕ್ಕದ ಮನೆಯ ಶರಣಮ್ಮ ಗೋಡೆಯಾಚೆಯಿಂದ, "ಅಣ್ಣಾರ, ಮನಿಗೆ ಯಾರರ ಬಂದಾರೇನ್ರಿ? ಮಾತು ಕೇಳಸಾಕತ್ತದ," ಎಂದರು. ಯಾರೂ ಬಂದಿರಲಿಲ್ಲ. ನಾನೇ ಮಹಾದೇವಿ ಎದುರಿಗಿದ್ದಾಳೆಂಬಂತೆ ಲೆಕ್ಕವನ್ನು ಜೋರಾಗಿ ಒಪ್ಪಿಸುತ್ತಿದ್ದೆ. "ರೇಡಿಯೋರಿ ಅಕ್ಕಾರ," ಎಂದು ಬಾಯಿ ಮುಚ್ಚಿಕೊಂಡೆ.

ಎಲ್ಲ ಕಳೆದರೂ ಏನೋ ಉಳಿಯಿತು. ಅಡುಗೆಮನೆಯಲ್ಲಿ ನಿಂತರೂ ಅಷ್ಟೇ, ಪಡಸಾಲೆಯಲ್ಲಿ ಕೂತರೂ ಅಷ್ಟೇ, ಅಂಗಳಕ್ಕೆ ಬಂದರೂ ಅಷ್ಟೇ. ಅವಳಿಲ್ಲದೆ ನನಗೆ ಇರಲಾಗುತ್ತಿರಲಿಲ್ಲ. ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಸಂಜೆ ಫೋನ್ ಬಂತು. ಇಷ್ಟು ವರ್ಷ ದುಡಿದವಳ ಬಡ್ತಿಗೆ ನಾನೇಕೆ ಅಡ್ಡ ಬರಲಿ? "ಒಪ್ಕೊಂಡ್ ಬಿಡು. ನನಗೇನ್ ತ್ರಾಸ ಇಲ್ಲ, ಆರಾಮ ಅದೀನಿ," ಎಂದೆ.



"ನನಗ ತ್ರಾಸ ಅದರಿ," ಎಂದಳು.

ಬೆಳಗಿನಿಂದ ಅಷ್ಟೆಲ್ಲ ಅಳೆದವನಿಗೆ, ನಿನಗೆ ಹೇಗಿದೆ ಎಂದು ಒಂದು ಮಾತು ಕೇಳಲು ಹೊಳೆದಿರಲಿಲ್ಲ.