ಕಾರಸ್ಥಾನಿ ಆತ್ಯಾ

ಕಾರಸ್ಥಾನಿ ಎಂಬ ಪದ ಹುಟ್ಟಿದ್ದು ಜುಗೂಳದ ನಮ್ಮ ಅಡುಗೆಮನೆಯಲ್ಲಿ. ಗುಟ್ಟಾಗಿ ಸಂಚು ಹೂಡುವವರಿಗೆ ಹಾಗೆನ್ನುತ್ತಾರೆ. ಪದ ಮರಾಠಿಯಿಂದ ಬಂದದ್ದೆಂದು ನಮ್ಮೂರ ಮಾಸ್ತರರು ವಾದಿಸುತ್ತಾರೆ, ಓದಿದವರು, ಇರಲಿ. ಅಪ್ಪನ ಮತ ಬೇರೆ. “ಮರಾಠಿಯವ್ರಿಗೆ ಆ ಶಬ್ದಾ ಕೊಟ್ಟಾಕೀನ ನಮ್ಮಕ್ಕ ರೀ!”

ಆ ಅಕ್ಕ ನನಗೆ ಆತ್ಯಾ, ಅಂದರೆ ಸೋದರತ್ತೆ. ಗಂಡ ತೀರಿದ ಮೇಲೆ ನಮ್ಮಲ್ಲೇ ಇದ್ದಾಳೆ. ಪಕ್ಕದ ಮನೆಯಿಂದ ಹೆಪ್ಪಿಗೆ ಒಂದು ಚಮಚ ಮೊಸರು ತರಲಿಕ್ಕೂ ಆಕೆಗೆ ಸಂಚು ಬೇಕು. ಮೂವತ್ತು ತುಂಬಿದ ನಾನು ಹಿತ್ತಲ ದಾರಿಯಲ್ಲಿ ಹೋಗಿ, ಬಟ್ಟಲನ್ನು ಟವೆಲಿನಡಿ ಮುಚ್ಚಿ ತರಬೇಕು.

“ಯಾರ ನೋಡಿದ್ರು?”

“ಎಮ್ಮಿ ಒಂದ ನೋಡೈತಿ, ಆತ್ಯಾ.”

“ಯಾರ ಮನೀ ಎಮ್ಮಿ?”

ಆಕೆಯ ಗುಟ್ಟಿನ ಮಾತೆಲ್ಲ ಮರಾಠಿಯಲ್ಲಿ, ಯಾರಿಗೂ ತಿಳಿಯಬಾರದೆಂದು. ಕೃಷ್ಣೆಯ ದಂಡೆಯ ಈ ಸೀಮೆಯಲ್ಲಿ ಮರಾಠಿ ತಿಳಿಯದವರು ಯಾರಿದ್ದಾರೆ! ಕಾಗವಾಡದ ಸಂತೆಯಲ್ಲಿ ಬದನೆಕಾಯಿಯ ಮುಂದೆ ನಿಂತು, ಬೇಡವೆಂದು ಹೊರಟುಬಿಡೋಣ, ಅವನೇ ಕರೆಯುತ್ತಾನೆ ಎಂದು ನನಗೆ ಮರಾಠಿಯಲ್ಲಿ ಪಾಠ ಹೇಳಿದಳು. ಮಾರುವವನು ತಲೆಯನ್ನೂ ಎತ್ತದೆ, “ಚಲಾ ಆಜೀ, ಥೋಡಂ ಪುಢಂ ಜಾ, ಮೀ ಹಾಕ ಮಾರತೋ” ಎಂದ. ಸ್ವಲ್ಪ ಮುಂದೆ ಹೋಗಿ ಅಜ್ಜಿ, ಕೂಗುತ್ತೇನೆ ಎಂದು! ಮನೆ ಮುಟ್ಟುವವರೆಗೂ ಆತ್ಯಾಗೆ ಒಂದೇ ಸಂಶಯ. “ಅವಗ ಯಾರೋ ಮೊದಲ ಹೇಳ್ಯಾರ.”

ಹೋದ ವರ್ಷ ಅಪ್ಪನ ಹೃದಯದಲ್ಲಿ ತೊಂದರೆ ಕಂಡಿತು. ಬೇಗ ಆಪರೇಶನ್ ಆಗದಿದ್ದರೆ ಜೀವಕ್ಕೆ ಅಪಾಯ ಎಂದರು ಮಿರಜಿನ ಡಾಕ್ಟರು. ಅಪ್ಪ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. “ಎದಿ ಕೊಯ್ಸ್ಕೊಳ್ಳಾಕ ನಾ ಒಲ್ಲೆ.” ನಾನು ಕಾಲು ಹಿಡಿದೆ, ಅವ್ವ ಊಟ ಬಿಟ್ಟಳು. ಆತ್ಯಾ ಮಾತ್ರ ಸುಮ್ಮನಿದ್ದಳು. ಆಕೆ ಸುಮ್ಮನಿದ್ದಾಳೆ ಎಂದರೆ ಒಳಗೆ ಏನೋ ಬೇಯುತ್ತಿದೆ ಎಂದೇ ಅರ್ಥ.

ಒಂದು ಮುಂಜಾನೆ ಅಡುಗೆಮನೆಯಲ್ಲಿ ನನ್ನನ್ನು ಕೂರಿಸಿಕೊಂಡು ಮರಾಠಿಯಲ್ಲಿ ಬಿಚ್ಚಿಟ್ಟಳು. ಮಿರಜಿನಲ್ಲಿ ನನಗೊಂದು ಹೆಣ್ಣು ನೋಡುವುದಿದೆ ಎಂದು ಅಪ್ಪನನ್ನು ಜೀಪು ಹತ್ತಿಸುವುದು, ಸೀದಾ ಆಸ್ಪತ್ರೆಯ ಮುಂದೆ ಇಳಿಸುವುದು. “ತ್ಯಾಲಾ ಕಾಹೀ ಸಾಂಗೂ ನಕೋ” ಎಂದು, ಅಂದರೆ ಅವನಿಗೇನೂ ಹೇಳಬೇಡವೆಂದು, ಮೂರು ಸಲ ಎಚ್ಚರಿಸಿದಳು. ನಾಲ್ಕು ಮಾರು ದೂರದ ಪಡಸಾಲೆಯಲ್ಲಿ ಅಪ್ಪ ಮರಾಠಿ ಪೇಪರು ಓದುತ್ತ ಕುಳಿತಿದ್ದ.

ಮರುದಿನ ಎಲ್ಲರಿಗಿಂತ ಮೊದಲು ಸಿದ್ಧನಾಗಿ ನಿಂತವನು ಅಪ್ಪನೇ. ಕೈಯಲ್ಲಿ ದೊಡ್ಡ ಚೀಲ.

“ಹೆಣ್ಣ ನೋಡಾಕ ನಾಕ ಧೋತ್ರಾ ಯಾಕೋ ತಮ್ಮಾ?” ಎಂದಳು ಆತ್ಯಾ.

“ಬೀಗರು ಜಗ್ಗಿ ಇಟ್ಕೊಂಡ್ರ ಬೇಕಾಗ್ತಾವಕ್ಕಾ” ಎಂದ ಅಪ್ಪ.

ಜೀಪು ಆಸ್ಪತ್ರೆಯ ಮುಂದೆ ನಿಂತಿತು. ಆತ್ಯಾ ಇಳಿಯಲಿಲ್ಲ. ಅಪ್ಪನ ಅಂಗಿಯ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

“ಹೆಣ್ಣು ಇಲ್ಲೋ ತಮ್ಮಾ. ಮೋಸಾ ಮಾಡಿ ಕರತಂದ್ನಿ. ನಿನಗೇನರ ಆದ್ರ ನಾ ಹೆಂಗಿರ್ಲಿ?”

ಅಪ್ಪ ಆಕೆಯ ಕೈಯ ಮೇಲೆ ತನ್ನ ಕೈಯಿಟ್ಟ.

“ಎಲ್ಲಾ ಕೇಳೀನಕ್ಕಾ. ನನಗ ಭಾಳ ಅಂಜಿಕಿ ಇತ್ತು. ಬರ್ತೀನಂತ ನನ್ನ ಬಾಯಿಲೆ ಹೇಳಾಕ ಆಗ್ಲಿಲ್ಲ. ನೀ ಮೋಸಾ ಮಾಡಿ ಕರಕೊಂಡ ಹೊಂಟಿ ಅಂತ ಬಂದೆ.”

ಆಪರೇಶನ್ ಸುಸೂತ್ರವಾಗಿ ಆಯಿತು. ಎರಡು ವಾರದ ಮೇಲೆ ಅಪ್ಪನನ್ನು ಮನೆಗೆ ಕರೆತಂದೆವು. ಜುಗೂಳ ಬರುವವರೆಗೂ ಆತ್ಯಾ ತಮ್ಮನ ಕೈ ಬಿಡಲಿಲ್ಲ.